ಎಲ್ಲರಿಗೂ ಹೇಳಿಯಾಗಿದೆ, ಬರೆದಿಲ್ಲ: ನಿರ್ದೇಶಕಿಯಾಗಲು ಹೊರಟ ನಟಿಯೊಬ್ಬರ ಪ್ರಕರಣ

ಈ ಪ್ರಕರಣವನ್ನು ಬರೆಯಲು ಆಕೆಯ ಒಪ್ಪಿಗೆ ಇದೆ. ಬರೆದದ್ದನ್ನು ಆಕೆ ಓದಿ, ಕೆಲವು ವಿವರ ಬದಲಿಸಲು ಹೇಳಿದರು, ಬದಲಿಸಿದ್ದೇನೆ. ಇಂಥ ಬರಹಗಳಲ್ಲಿ ಒಂದು ಬದಲಿ ಹೆಸರು ಕೊಡುವುದು ರೂಢಿ. ನಾನು ಅದನ್ನೂ ಕೊಡುತ್ತಿಲ್ಲ. ಸಿನಿಮಾದವರ ವಲಯ ಸಣ್ಣದು, ಹೆಸರಿನ ಮೊದಲಕ್ಷರ ಸಿಕ್ಕರೂ ಊಹಾಪೋಹ ಶುರುವಾಗುತ್ತದೆ. ನಲವತ್ತರ ಹತ್ತಿರದವರು, ಪೋಷಕ ಪಾತ್ರಗಳಲ್ಲಿ ಹೆಸರು ಮಾಡಿದ ನಟಿ ಎಂದಷ್ಟು ಗೊತ್ತಿದ್ದರೆ ಸಾಕು.

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಆಕೆ ಬಂದದ್ದು ನಿದ್ರೆಯ ದೂರಿನೊಂದಿಗೆ. ರಾತ್ರಿ ಎರಡು, ಮೂರು ಗಂಟೆಯವರೆಗೆ ಎಚ್ಚರ. ಬೆಳಿಗ್ಗೆ ತಲೆಭಾರ. ಮನೆಯವರ ಮೇಲೆ ಸಿಡುಕು, ಆಮೇಲೆ ಸಿಡುಕಿದ್ದಕ್ಕೆ ಬೇಸರ. ಕೇಳುತ್ತಾ ಹೋದ ಹಾಗೆ ಇನ್ನೊಂದು ವಿಷಯ ಹೊರಬಂತು. ಆಕೆಯ ಬಳಿ ಒಂದು ಕಥೆ ಇದೆ, ಹಲವು ವರ್ಷಗಳಿಂದ ಇದೆ. ಅದನ್ನು ತಾನೇ ಬರೆದು ತಾನೇ ನಿರ್ದೇಶಿಸಬೇಕು. ಅದಕ್ಕಾಗಿ ಆ ವರ್ಷ ಬಂದ ಪಾತ್ರಗಳಲ್ಲಿ ಅರ್ಧಕ್ಕರ್ಧ ಬಿಟ್ಟಿದ್ದರು. ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುತ್ತಾರೆ, ಮೊದಲ ದೃಶ್ಯ ಓದುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಹನ್ನೆರಡು ಪುಟಗಳು ತಿದ್ದಿ ತಿದ್ದಿ ಥಳಥಳ ಹೊಳೆಯುತ್ತಿದ್ದವು. ಹದಿಮೂರನೆಯ ಪುಟವೇ ಇರಲಿಲ್ಲ.

‘ನಂಗೆ ಬರ್ನ್‌ಔಟ್ ಆಗಿದೆ ಅಂತ ಫ್ರೆಂಡ್ಸ್ ಹೇಳ್ತಾರೆ ಮೇಡಂ’ ಎಂದರು. ಈ ಮಾತನ್ನು ಈಗ ಎಲ್ಲರೂ ಎಲ್ಲದಕ್ಕೂ ಬಳಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿಯಲ್ಲಿ ಬರ್ನ್‌ಔಟ್ ಒಂದು ಕಾಯಿಲೆಯಾಗಿ ಇಲ್ಲ. ಉದ್ಯೋಗಕ್ಕೆ ಸಂಬಂಧಿಸಿದ, ಬಹುಕಾಲ ನಿಭಾಯಿಸಲಾಗದೆ ಉಳಿದ ಒತ್ತಡದ ಪರಿಣಾಮವಾಗಿ ಅದನ್ನು ಅಲ್ಲಿ ಸೇರಿಸಿದ್ದಾರೆ. ಈಕೆಗೆ ಕೆಲಸದಿಂದ ದಣಿವಾಗಿತ್ತೋ, ಕೆಲಸ ಆಗದ್ದರಿಂದ ದಣಿವಾಗಿತ್ತೋ ಎಂಬುದು ಮೊದಲು ಗೊತ್ತಾಗಬೇಕಿತ್ತು. ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 10ರ ಒಳಗೇ ಅಂಕ ಬಂತು. ಸಾವಿನ ಯೋಚನೆಯ ಕುರಿತ ಒಂಬತ್ತನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂತು, ಅದನ್ನು ಬಾಯಿಬಿಟ್ಟೂ ಕೇಳಿ ಖಚಿತಪಡಿಸಿಕೊಂಡೆ. ಆತಂಕವನ್ನು ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ ಮಾತ್ರ 10 ದಾಟಿತ್ತು, ಎಂದರೆ ಮಧ್ಯಮ ಮಟ್ಟ. ಥೈರಾಯ್ಡ್ ಮುಂತಾದ ದೈಹಿಕ ಕಾರಣಗಳಿವೆಯೇ ನೋಡಲು ವೈದ್ಯರ ಬಳಿ ಕಳಿಸಿದೆ. ಅಂಥದ್ದೇನೂ ಇರಲಿಲ್ಲ.

ಸುಳಿವು ಸಿಕ್ಕಿದ್ದು ನಿದ್ರೆಯ ದಿನಚರಿಯಲ್ಲಿ. ಮಲಗಿದ್ದೆಷ್ಟು, ಎದ್ದದ್ದೆಷ್ಟು ಎಂಬುದರ ಜೊತೆಗೆ ಆ ದಿನ ಏನು ಮಾಡಿದಿರಿ ಎಂದು ಒಂದು ಸಾಲು ಬರೆಯಿರಿ ಎಂದಿದ್ದೆ. ಶೂಟಿಂಗ್ ಇದ್ದ ದಿನಗಳಲ್ಲಿ, ಹದಿನಾಲ್ಕು ಗಂಟೆ ದುಡಿದು ಬಂದರೂ, ತಲೆ ದಿಂಬಿಗೆ ಸೋಕಿದ ಕೂಡಲೇ ನಿದ್ರೆ. ಬರೆಯಲು ಕೂತ ದಿನಗಳಲ್ಲಿ ಇಲ್ಲ. ಆದರೆ ಬರೆಯಲು ಕೂತ ದಿನಗಳಲ್ಲೂ ಕೆಲವು ರಾತ್ರಿ ಚೆನ್ನಾಗಿ ಮಲಗಿದ್ದರು. ಆ ದಿನಗಳ ಸಾಲುಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದೇ ಸಂಗತಿ ಮತ್ತೆ ಮತ್ತೆ ಕಂಡಿತು: ಸಂಜೆ ಯಾರಿಗೋ ಕಥೆ ಹೇಳಿದ್ದರು. ಕ್ಯಾಮೆರಾಮನ್ ಒಬ್ಬರಿಗೆ, ಜೊತೆ ನಟಿಗೆ, ಒಬ್ಬ ನಿರ್ಮಾಪಕರಿಗೆ, ಚಿಕ್ಕಮ್ಮನ ಮಗಳಿಗೆ. ಕೇಳಿದವರಲ್ಲಿ ಬಹಳ ಜನ ಅತ್ತಿದ್ದರು. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಬರೆಯುವ ಮನಸ್ಸೇ ಇಲ್ಲ.

ನಟನೆಯ ಕೆಲಸವನ್ನು ಹೊರಗಿನಿಂದ ನೋಡುವವರಿಗೆ ಇದು ಹೊಳೆಯುವುದಿಲ್ಲ. ಸೆಟ್ಟಿನಲ್ಲಿ ‘ಕಟ್’ ಎಂದ ಮರುಕ್ಷಣ ತೀರ್ಪು ಬರುತ್ತದೆ: ‘ಓಕೆ’, ಇಲ್ಲವೇ ‘ಒನ್ ಮೋರ್’. ದಿನಕ್ಕೆ ಎಷ್ಟೋ ಸಲ. ಹದಿನೈದು ವರ್ಷ ಹೀಗೆ ಬದುಕಿದವರ ದೇಹಕ್ಕೆ ‘ಇವತ್ತಿನ ಕೆಲಸ ಮುಗಿಯಿತು, ಚೆನ್ನಾಗಾಯಿತು’ ಎಂದು ಹೇಳುತ್ತಿದ್ದದ್ದು ಆ ಒಂದು ಮಾತು. ಬರವಣಿಗೆಯಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಆಕೆ ಅದನ್ನು ಸಂಜೆಯ ಕಥಾವಾಚನದಲ್ಲಿ ತಾನೇ ಸೃಷ್ಟಿಸಿಕೊಂಡಿದ್ದರು. ಕೇಳುಗರ ಕಣ್ಣೀರೇ ‘ಓಕೆ’. ಅದು ಸಿಕ್ಕ ಮೇಲೆ ಕಥೆ ಮುಗಿದಂತೆಯೇ, ಬರೆಯುವುದು ಬರೀ ಗುಮಾಸ್ತಿಕೆ ಅನ್ನಿಸುತ್ತಿತ್ತು.

ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಹತ್ತಿರದವು. ತಾನು ಇಂಥವನಾಗಬೇಕು ಎಂಬ ಗುರಿಗೆ ಸೇರಿದ ಸಂಕಲ್ಪವನ್ನು ಬೇರೆಯವರು ಗಮನಿಸಿದಾಗ, ಆ ವ್ಯಕ್ತಿಗೆ ಗುರಿಯ ಒಂದು ಪಾಲು ಆಗಲೇ ಕೈಗೆ ಬಂದಂತೆ ಅನ್ನಿಸಿ, ನಿಜವಾದ ಪ್ರಯತ್ನ ಕಡಿಮೆಯಾಗುತ್ತದೆ ಎಂದು ಅವರು ತೋರಿಸಿದರು. ಇದನ್ನು ಎಲ್ಲರಿಗೂ ಅನ್ವಯಿಸುವ ನಿಯಮ ಮಾಡಿಕೊಳ್ಳಬಾರದು. ಹೇಳಿಕೊಂಡರೇ ಕೆಲಸ ಸಾಗುವ ಜನರೂ ಇದ್ದಾರೆ. ಈಕೆಯ ದಿನಚರಿ ಮಾತ್ರ ಅದಕ್ಕೆ ಬರೆದಿಟ್ಟ ಉದಾಹರಣೆಯಂತಿತ್ತು.

ನನಗೆ ಚಿತ್ರಕಥೆ ಕಲಿಸಲು ಬರುವುದಿಲ್ಲ, ಅದು ನನ್ನ ಕೆಲಸವೂ ಅಲ್ಲ. ಆದರೂ ಒಂದು ದೃಶ್ಯವನ್ನು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಅದೇ ದೃಶ್ಯದ ಪುಟ ಕೊಡಿ ಎಂದು ಕೇಳಿದೆ. (ದೃಶ್ಯದ ವಿವರ ಇಲ್ಲಿ ಬದಲಾಗಿದೆ.) ತಾಯಿ ತೀರಿಕೊಂಡ ಮೇಲೆ ಅಕ್ಕ ತಂಗಿ ಮನೆ ಖಾಲಿ ಮಾಡುತ್ತಿದ್ದಾರೆ. ತಂಗಿ ವರ್ಷಗಳ ಹಿಂದೆ ತಾಯಿಗೆ ಬರೆದ ಪತ್ರವನ್ನು ಅಕ್ಕ ಬಚ್ಚಿಟ್ಟಿದ್ದಳು. ಅದು ಈಗ ಬಟ್ಟೆಗಳ ನಡುವೆ ಸಿಗುತ್ತದೆ. ಹೇಳುವಾಗ ಆಕೆ ಕೂತಲ್ಲೇ ಅಕ್ಕನಾದರು. ಪತ್ರವನ್ನು ಹಳೆಯ ಮಡಿಕೆಯಲ್ಲೇ ಮಡಚಿದರು, ಬಟ್ಟೆಯ ಕೆಳಗೆ ತಳ್ಳಿದರು, ಏನೂ ಆಗದವರಂತೆ ಉಳಿದ ಬಟ್ಟೆಗಳನ್ನು ಮೊದಲಿಗಿಂತ ಬೇಗ ಬೇಗ ಮಡಚತೊಡಗಿದರು. ನನಗೆ ಗಂಟಲು ಕಟ್ಟಿತು. ಪುಟ ತೆಗೆದು ನೋಡಿದರೆ ಅಲ್ಲಿದ್ದದ್ದು ಇಷ್ಟು: ‘ಪತ್ರ ನೋಡಿ ಅಕ್ಕನಿಗೆ ಇಷ್ಟು ವರ್ಷಗಳ ಪಶ್ಚಾತ್ತಾಪ ಒಮ್ಮೆಲೇ ಉಕ್ಕಿ ಬರುತ್ತದೆ.’

‘ಬಟ್ಟೆ ಮಡಚಿದ್ದು ಎಲ್ಲಿ?’ ಎಂದೆ.

‘ಅದು ಆಕ್ಟಿಂಗ್ ಅಲ್ವಾ ಮೇಡಂ. ಅದನ್ನ ನಾನು ಮಾಡ್ತೀನಲ್ಲ.’

ಈ ಪ್ರಕರಣದ ಗಂಟು ಇಲ್ಲೇ ಇತ್ತು. ತನ್ನ ದೇಹಕ್ಕೆ ಬರುವುದೆಲ್ಲ ನಟನೆ, ಕಾಗದದ ಮೇಲೆ ಬರಬೇಕಾದದ್ದು ಬೇರೆ ಏನೋ ಘನವಾದದ್ದು ಎಂದು ಆಕೆ ನಂಬಿದ್ದರು. ಆ ಘನವಾದದ್ದನ್ನು ಹುಡುಕಿ ‘ಪಶ್ಚಾತ್ತಾಪ’, ‘ಒಳಗೊಳಗೇ ಕುಸಿತ’ ಎಂಬಂಥ ಮಾತುಗಳನ್ನು ತರುತ್ತಿದ್ದರು. ಪ್ರೇಕ್ಷಕರಿಗೆ ಪಶ್ಚಾತ್ತಾಪ ಕಾಣುವುದಿಲ್ಲ, ಬಟ್ಟೆ ಮಡಚುವ ಕೈ ಕಾಣುತ್ತದೆ. ಆಕೆ ನಟನೆ ಎಂದುಕೊಂಡದ್ದೇ ಬರವಣಿಗೆಯಾಗಿತ್ತು. ಪುಟ ಓದುವಾಗಲೆಲ್ಲ ‘ಇದು ಸಪ್ಪೆ’ ಎಂದು ಆಕೆಗೆ ಅನ್ನಿಸುತ್ತಿದ್ದದ್ದು ಸರಿಯಾಗಿಯೇ ಇತ್ತು. ಅದರಿಂದ ‘ನಾನು ಬರಹಗಾರ್ತಿಯಲ್ಲ’ ಎಂಬ ತೀರ್ಮಾನಕ್ಕೆ ಹೋದದ್ದು ತಪ್ಪು.

ಕೊಟ್ಟ ಸಲಹೆ ಹೀಗಿತ್ತು. ಮೊದಲ ಕರಡು ಮುಗಿಯುವವರೆಗೆ ಕಥೆಯನ್ನು ಯಾರಿಗೂ ಬಾಯಲ್ಲಿ ಹೇಳುವಂತಿಲ್ಲ, ಗಂಡನಿಗೂ ಇಲ್ಲ. ಯಾರಾದರೂ ಕೇಳಿದರೆ ‘ಬರೆದಾದ ಮೇಲೆ ಓದೋಕೆ ಕೊಡ್ತೀನಿ’ ಎಂಬ ಒಂದು ವಾಕ್ಯ, ಅಷ್ಟೇ. ಹೇಳಬೇಕೆಂಬ ತುಡಿತ ಬಂದಾಗ ಕೋಣೆಯ ಬಾಗಿಲು ಹಾಕಿಕೊಂಡು, ಫೋನನ್ನು ನಿಲ್ಲಿಸಿ, ಆ ದೃಶ್ಯವನ್ನು ಒಬ್ಬರೇ ಅಭಿನಯಿಸಿ ರೆಕಾರ್ಡ್ ಮಾಡಿಕೊಳ್ಳುವುದು. ಮರುದಿನ ಅದನ್ನು ನೋಡುತ್ತಾ, ಕಣ್ಣಿಗೆ ಕಂಡದ್ದನ್ನು, ಕಿವಿಗೆ ಕೇಳಿದ್ದನ್ನು ಮಾತ್ರ ಬರೆಯುವುದು. ಹಿಂದಿನ ಪುಟ ತಿದ್ದುವಂತಿಲ್ಲ. ಕೆಲಸ ನಿಲ್ಲಿಸುವುದು ತೃಪ್ತಿಯಾದಾಗ ಅಲ್ಲ, ಗಡಿಯಾರ ನೋಡಿ. ನಿಲ್ಲಿಸಿದ ಮೇಲೆ ಇಂದು ಏನು ಬರೆದೆ ಎಂದು ಒಂದು ಸಾಲು. ಹೇಗಿದೆ ಎಂಬುದು ಬೇಡ. ನಿದ್ರೆಗೆ ಹಳೆಯ, ಪರೀಕ್ಷೆಗೆ ನಿಂತ ಕ್ರಮವೇ: ಲ್ಯಾಪ್‌ಟಾಪ್ ಮಲಗುವ ಕೋಣೆಯಿಂದ ಹೊರಗೆ, ಸುಮಾರು 20 ನಿಮಿಷದಲ್ಲಿ ನಿದ್ರೆ ಬಾರದಿದ್ದರೆ ಹಾಸಿಗೆ ಬಿಟ್ಟು ಎದ್ದು ಬರುವುದು, ಬೆಳಿಗ್ಗೆ ಏಳುವ ಸಮಯ ಬದಲಿಸದಿರುವುದು.

ಮೊದಲ ವಾರ ಎಲ್ಲವೂ ಹದಗೆಟ್ಟಿತು. ಹಾಗಾಗುತ್ತದೆ ಎಂದು ಮುಂಚೆಯೇ ಹೇಳಿದ್ದರಿಂದ ಬಿಟ್ಟು ಓಡಲಿಲ್ಲ. ‘ಯಾರಿಗೂ ಹೇಳದೆ ಇದ್ರೆ ಈ ಕಥೆ ಇದೆ ಅಂತಾನೇ ಅನ್ನಿಸಲ್ಲ’ ಎಂದರು. ಅದು ಭಯದ ಮಾತು, ಆದರೆ ನಿಜವಾದ ಮಾತೂ ಹೌದು: ಹೇಳಿದಾಗ ಮಾತ್ರ ಇರುತ್ತಿದ್ದ ಕಥೆ ಅದು. ಇನ್ನೊಂದು ಭಯವೂ ಇತ್ತು. ಬರೆದು ಕೊಟ್ಟರೆ ಕದಿಯುತ್ತಾರೆ, ಬಾಯಲ್ಲಿ ಹೇಳಿದರೆ ಸಾಕ್ಷಿಯಾಗಿ ಜನ ಇರುತ್ತಾರೆ ಎಂದು ಆಕೆ ಭಾವಿಸಿದ್ದರು. ಕಾನೂನು ಹೆಚ್ಚೂಕಡಿಮೆ ಇದಕ್ಕೆ ತದ್ವಿರುದ್ಧ. ಬರೀ ಹೊಳಹಿಗೆ ಕಾಪಿರೈಟ್ ಇಲ್ಲ. ಅದನ್ನು ನಿಮ್ಮದೇ ಮಾತುಗಳಲ್ಲಿ ಕಟ್ಟಿದ ರೂಪಕ್ಕೆ ಇದೆ. ಸಂಜೆ ಸಂಜೆ ಹಂಚುತ್ತಿದ್ದದ್ದೇ ಹೆಚ್ಚು ಅಪಾಯದ ದಾರಿಯಾಗಿತ್ತು. ಉಳಿದದ್ದನ್ನು ವಕೀಲರ ಬಳಿ ಕೇಳಿ ಎಂದೆ.

ಆಕೆಯ ತಲೆಯಲ್ಲಿ ಸದಾ ಓಡುತ್ತಿದ್ದ ಒಂದು ಲೆಕ್ಕವೂ ಇತ್ತು. ‘ಶಂಕರ್ ನಾಗ್ ಮೂವತ್ತೈದಕ್ಕೇ ಹೋಗಿಬಿಟ್ರು. ಅಷ್ಟರಲ್ಲಿ ಎಷ್ಟು ಮಾಡಿದ್ರು. ನಂಗೆ ಆಗಲೇ ಅದಕ್ಕಿಂತ ಜಾಸ್ತಿ ವಯಸ್ಸು.’ ಲೆಕ್ಕದಲ್ಲಿ ತಪ್ಪಿಲ್ಲ. 1980ರಲ್ಲಿ ಮೊದಲ ಚಿತ್ರ ನಿರ್ದೇಶಿಸಿದಾಗ ಅವರಿಗೆ ಇಪ್ಪತ್ತೈದರ ಆಸುಪಾಸು, 1990ರಲ್ಲಿ ಅವರಿಲ್ಲ. ಇದಕ್ಕೆ ಎದುರಾಗಿ ಹಾಲಿವುಡ್ ನಟ ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿದ ಮೊದಲ ಚಿತ್ರ ತೆರೆಗೆ ಬಂದದ್ದು ಅವರ 41ನೇ ವಯಸ್ಸಿನಲ್ಲಿ, 1971ರಲ್ಲಿ ಎಂದು ನಾನು ಹೇಳಬಹುದಿತ್ತು. ಹೆಸರಿಗೆ ಹೆಸರು ಎಸೆದು ಗೆಲ್ಲುವ ಈ ಆಟದಲ್ಲಿ ನನಗೆ ನಂಬಿಕೆಯಿಲ್ಲ. ಮನಸ್ಸು ತನಗೆ ಬೇಕಾದ ಹೆಸರನ್ನೇ ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತದೆ. ಅದರ ಬದಲು ಆ ಯೋಚನೆ ಯಾವಾಗ ಬರುತ್ತದೆ ಎಂದು ಗುರುತಿಸಲು ಹೇಳಿದೆ. ಹೆಚ್ಚಾಗಿ ಬರುತ್ತಿದ್ದದ್ದು ಕಷ್ಟದ ದೃಶ್ಯ ಶುರುವಾಗುವ ಹೊತ್ತಿಗೆ. ಅಂದರೆ ಅದು ವಯಸ್ಸಿನ ಚಿಂತೆಗಿಂತ ಆ ದೃಶ್ಯದಿಂದ ತಪ್ಪಿಸಿಕೊಳ್ಳುವ ಬಾಗಿಲಾಗಿತ್ತು. ‘ಬಂತು ನೋಡಿ ಶಂಕರಣ್ಣನ ಲೆಕ್ಕ’ ಎಂದು ಆಕೆಯೇ ನಗುವ ಹಂತಕ್ಕೆ ಆಮೇಲೆ ಬಂದರು.

ಒಂದು ಭೇಟಿಗೆ ಗಂಡನನ್ನೂ ಕರೆಸಿದ್ದೆ. ಅವರ ಸಿಟ್ಟು ನಾನು ಅಂದುಕೊಂಡಷ್ಟು ಇರಲಿಲ್ಲ, ಭಯ ಇತ್ತು. ಪಾತ್ರ ಬಿಟ್ಟದ್ದನ್ನು ಹೆಂಡತಿ ತಮಗೆ ಹೇಳುವುದಿಲ್ಲ, ಬೇರೆಯವರಿಂದ ತಿಳಿಯುತ್ತದೆ ಎಂಬುದು ಅವರ ನೋವು. ಆದಾಯವಿಲ್ಲದೆ ಮನೆ ಎಷ್ಟು ತಿಂಗಳು ನಡೆಯುತ್ತದೆ ಎಂದು ಇಬ್ಬರೂ ಕೂತು ಬರೆದರು. ಅದರ ಮೇಲೆ ಹೆಚ್ಚು ಮಾತು ಬೇಕಾಗಲಿಲ್ಲ.

ನಟನೆ ಬಿಡಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ. ಸಾಮಾನ್ಯವಾಗಿ ಆಪ್ತಸಲಹೆಗಾರರು ಹೀಗೆ ನೇರ ಹೇಳುವುದು ಕಡಿಮೆ, ನಿರ್ಧಾರ ಅವರದ್ದೇ ಆಗಬೇಕು. ಆದರೆ ಇಲ್ಲಿ ಹಣದ ಜೊತೆಗೆ ಇನ್ನೊಂದು ಕಾರಣವಿತ್ತು: ದಿನಕ್ಕೆ ಹಲವು ಸಲ ‘ಓಕೆ’ ಕೇಳಿ ಬದುಕಿದವರಿಂದ ಅದನ್ನು ಒಂದೇ ಏಟಿಗೆ ಕಿತ್ತುಕೊಂಡರೆ, ಆ ಹಸಿವನ್ನೆಲ್ಲ ಪಾಪ ಆ ಚಿತ್ರಕಥೆಯೇ ತೀರಿಸಬೇಕಾಗುತ್ತದೆ. ಅದು ಅಷ್ಟು ಭಾರ ಹೊರುವುದಿಲ್ಲ. ಸಣ್ಣ ಅವಧಿಯ ಪಾತ್ರಗಳನ್ನು ಒಪ್ಪಿಕೊಂಡರು. ಶಾಟ್ ಇಲ್ಲದ ಹೊತ್ತಿನಲ್ಲಿ ಕ್ಯಾರವಾನ್ ಒಳಗೆ ಕೂರದೆ ಮಾನಿಟರ್ ಹಿಂದೆ ನಿಲ್ಲುವುದೆಂದು ಗೊತ್ತುಮಾಡಿಕೊಂಡರು. ಹಾಲಿವುಡ್ ನಟಿ ಐಡಾ ಲುಪಿನೊ ಇದನ್ನೇ ಮಾಡಿದ್ದರು. ಪಾತ್ರ ಒಪ್ಪದ್ದಕ್ಕೆ ಸ್ಟುಡಿಯೊ ಕೆಲಸ ಕೊಡದೆ ಕೂರಿಸಿದ ಅವಧಿಗಳಲ್ಲಿ ಸೆಟ್ಟುಗಳಲ್ಲಿ ನಿಂತು ಕೆಲಸ ಕಲಿತರು. 1949ರಲ್ಲಿ, ತಾವೇ ಬರವಣಿಗೆಯಲ್ಲಿ ಮತ್ತು ನಿರ್ಮಾಣದಲ್ಲಿ ಪಾಲುಗೊಂಡಿದ್ದ ಚಿತ್ರದ ನಿರ್ದೇಶಕರಿಗೆ ಹೃದಯಾಘಾತವಾದಾಗ ಆಕೆಯೇ ಅದನ್ನು ಮುಗಿಸಿದರು, ಹೆಸರೂ ಹಾಕಿಕೊಳ್ಳಲಿಲ್ಲ. ಇದನ್ನು ಹೇಳಿದಾಗ ನನ್ನ ನಟಿ ಕೇಳಿದ್ದು, ‘ಹೆಸರು ಯಾಕೆ ಹಾಕ್ಕೊಳ್ಳಲಿಲ್ಲ?’ ಒಳ್ಳೆಯ ಲಕ್ಷಣ ಅನ್ನಿಸಿತು.

ಕರಡು ಅರ್ಧ ದಾಟಿದ ಮೇಲೆ, ಗೆಳೆಯರನ್ನು ಸೇರಿಸಿ ಒಂದು ಕಿರುಚಿತ್ರ ಮಾಡಿ ನೋಡಿದರು. ನಿರ್ದೇಶನದ ನಿಜವಾದ ತೊಡಕು ಅಲ್ಲಿ ಗೊತ್ತಾಯಿತು. ಕ್ಯಾಮೆರಾ, ಲೆನ್ಸ್ ಬಗ್ಗೆ ಆಕೆ ಹೆದರಿದ್ದರು. ಅದನ್ನು ನೋಡಿಕೊಳ್ಳಲು ತಿಳಿದವರಿದ್ದರು. ತೊಡಕು ಆಕೆ ಬಲ್ಲ ವಿದ್ಯೆಯಲ್ಲೇ ಇತ್ತು. ಪ್ರತಿ ಸಾಲನ್ನೂ ತಾನೇ ಅಭಿನಯಿಸಿ ತೋರಿಸುತ್ತಿದ್ದರು. ಇಬ್ಬರು ನಟರೂ ಆಕೆಯನ್ನೇ ನಕಲು ಮಾಡಿದರು. ಎಡಿಟಿಂಗ್ ಮೇಜಿನ ಮುಂದೆ ಕೂತಾಗ ಪರದೆಯ ಮೇಲೆ ತಾನೇ ಇಬ್ಬರಾಗಿ ಮಾತಾಡುತ್ತಿರುವಂತೆ ಕಂಡು ಗಾಬರಿಯಾಯಿತಂತೆ. ಇನ್ನೂ ಒಂದಿತ್ತು. ‘ಕಟ್’ ಎಂದ ಕೂಡಲೇ ನಟರು ತನ್ನ ಮುಖ ನೋಡುತ್ತಿದ್ದರು. ಆ ನೋಟ ಆಕೆಗೆ ಚೆನ್ನಾಗಿ ಗೊತ್ತು, ಹದಿನೈದು ವರ್ಷ ತಾನೂ ಹಾಗೆಯೇ ನೋಡಿದವರು. ತಡೆಯಲಾರದೆ ಎಲ್ಲಕ್ಕೂ ‘ಸೂಪರ್’ ಎಂದುಬಿಟ್ಟರು. ಬಳಸಬಹುದಾದ ಟೇಕ್ ಕಡಿಮೆಯಾದವು.

ಹೇಳಿದ ಸಲಹೆ: ನಟರಿಗೆ ಹೇಗೆ ಹೇಳಬೇಕೆಂದು ತೋರಿಸಬೇಡಿ, ಆ ಪಾತ್ರಕ್ಕೆ ಏನು ಬೇಕಾಗಿದೆ, ಏನನ್ನು ಮುಚ್ಚಿಡುತ್ತಿದೆ ಎಂದು ಹೇಳಿ ಅಥವಾ ಅವರನ್ನೇ ಕೇಳಿ. ‘ಕಟ್’ ಆದ ಮೇಲೆ ಒಂದು ಉಸಿರು ಪೂರ್ತಿ ತೆಗೆದುಕೊಂಡು ಆಮೇಲೆ ಮಾತಾಡಿ. ‘ಇನ್ನೊಂದು ತಗೋಳೋಣ’ ಎಂಬುದನ್ನು ‘ಸಾರಿ’ ಸೇರಿಸದೆ ಹೇಳಿ. ಇದನ್ನು ನನ್ನ ಕೋಣೆಯಲ್ಲಿ ರೋಲ್‌ಪ್ಲೇ ಮಾಡಿಸಲು ಹೋದೆ, ಎರಡೇ ನಿಮಿಷದಲ್ಲಿ ನಿಲ್ಲಿಸಿದೆ. ನಟರೊಂದಿಗೆ ಕೆಲಸ ಮಾಡುವ ಸಲಹೆಗಾರರು ಗಮನಿಸಬೇಕಾದ ಸಂಗತಿ ಇದು: ದೃಢತೆಯ ತರಬೇತಿ ಕೊಟ್ಟರೆ ಅವರು ದೃಢವಾಗುವ ಬದಲು ದೃಢತೆಯನ್ನು ಅದ್ಭುತವಾಗಿ ಅಭಿನಯಿಸಿಬಿಡುತ್ತಾರೆ. ಹೊರಗೆ ಹೋದರೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಅಭ್ಯಾಸವನ್ನು ಬದುಕಿಗೇ ಬಿಟ್ಟೆ: ವಾರದಲ್ಲಿ ಬರುವ ಯಾವುದಾದರೂ ಸಣ್ಣ ಕೋರಿಕೆಗೆ ಕಾರಣ ವಿವರಿಸದೆ ‘ಆಗಲ್ಲ’ ಎನ್ನುವುದು. ಮುಖ್ಯ ಪಾತ್ರ ತಾನೇ ಮಾಡಬೇಕೇ ಎಂದೂ ಕೇಳಿದರು. ಬಂಗಾಳಿ ನಟಿ ಅಪರ್ಣಾ ಸೇನ್ ತಾವು ಬರೆದು ನಿರ್ದೇಶಿಸಿ 1981ರಲ್ಲಿ ಬಂದ ಮೊದಲ ಚಿತ್ರದಲ್ಲಿ ಮುಖ್ಯ ಪಾತ್ರವನ್ನು ಜೆನ್ನಿಫರ್ ಕೆಂಡಲ್ ಅವರಿಗೆ ಕೊಟ್ಟರು, ಶ್ರೇಷ್ಠ ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಪಡೆದರು. ಈ ಉದಾಹರಣೆಯನ್ನು ನಾನೇ ಮುಂದಿಟ್ಟೆ, ಏಕೆಂದರೆ ಅದು ವಯಸ್ಸಿನ ಹೋಲಿಕೆಯಾಗಿರಲಿಲ್ಲ, ಕೆಲಸ ಹಂಚಿಕೊಂಡ ರೀತಿಯಾಗಿತ್ತು.

ಈ ನಡುವೆ ಹಿಂದೆ ಕಥೆ ಕೇಳಿ ಅತ್ತಿದ್ದ ನಿರ್ಮಾಪಕರು ಕರೆ ಮಾಡಿದರು. ಕಥೆ ಕೊಡಿ, ನೀವೇ ಮುಖ್ಯ ಪಾತ್ರ ಮಾಡಿ, ನಿರ್ದೇಶನಕ್ಕೆ ಬೇರೆಯವರನ್ನು ಹಾಕೋಣ. ವರ್ಷಗಟ್ಟಲೆ ಅತ್ತಿಗೆ, ಅಮ್ಮನ ಪಾತ್ರ ಮಾಡಿದವರಿಗೆ ಇದು ಸಣ್ಣ ಮಾತಲ್ಲ. ಏನು ಮಾಡಲಿ ಎಂದು ನನ್ನನ್ನು ಕೇಳಿದರು. ಹೇಳಲಿಲ್ಲ. ಬದಲಿಗೆ, ಒಪ್ಪಿಕೊಂಡು ಐದು ವರ್ಷವಾದ ಮೇಲೆ, ನಿರಾಕರಿಸಿ ಐದು ವರ್ಷವಾದ ಮೇಲೆ ಬರೆಯುವ ಎರಡು ಪತ್ರಗಳನ್ನು ಈಗಲೇ ಬರೆದು ತನ್ನಿ ಎಂದೆ. ನಿರಾಕರಣೆಯ ಪತ್ರದಲ್ಲಿ ಆ ಚಿತ್ರ ಆಗದೇ ಹೋಗಿರುವ ಸಾಧ್ಯತೆಯನ್ನೂ ಬರೆಯಬೇಕು ಎಂಬುದು ಷರತ್ತು. ನಟ ಚಾರ್ಲ್ಸ್ ಲಾಟನ್ 1955ರಲ್ಲಿ ಒಂದೇ ಒಂದು ಚಿತ್ರ ನಿರ್ದೇಶಿಸಿದರು. ಅದು ಆಗ ಸೋತಿತು, ಅವರು ಮತ್ತೆ ನಿರ್ದೇಶಿಸಲಿಲ್ಲ. ಇಂದು ಅದನ್ನು ಶ್ರೇಷ್ಠ ಚಿತ್ರಗಳಲ್ಲಿ ಎಣಿಸುತ್ತಾರೆ, ಆದರೆ ಅವರು 1962ರಲ್ಲೇ ತೀರಿಕೊಂಡರು. ಮೊದಲ ಚಿತ್ರದ ಮೇಲೆ ಇಡೀ ಜೀವನದ ತೀರ್ಪನ್ನು ಹೊರಿಸಿದರೆ ಎರಡನೆಯದು ಹುಟ್ಟುವುದಿಲ್ಲ ಎಂಬುದಕ್ಕೆ ಈ ಕಥೆ ಹೇಳಿದೆ, ಒಪ್ಪಿಸಲು ಅಥವಾ ತಡೆಯಲು ಅಲ್ಲ. ಪತ್ರಗಳನ್ನು ತಂದರು. ನಿರಾಕರಣೆಯ ಪತ್ರ ದುಃಖದ್ದಾಗಿತ್ತು, ಒಪ್ಪಿಗೆಯ ಪತ್ರದಲ್ಲಿ ಸಿಟ್ಟಿತ್ತು. ದುಃಖವನ್ನು ತಡೆದುಕೊಳ್ಳಬಲ್ಲೆ, ಆ ಸಿಟ್ಟಿನೊಂದಿಗೆ ಬದುಕಲಾರೆ ಎಂದು ಆಕೆಯೇ ಹೇಳಿದರು. ನಿರ್ಮಾಪಕರಿಗೆ ‘ಕರಡು ಮುಗಿಯಲಿ’ ಎಂದು ಉತ್ತರ ಹೋಯಿತು.

ಕರಡು ಮುಗಿಯಿತು. ಆಕೆಯನ್ನು ಓಲೈಸುವ ಅಗತ್ಯವಿಲ್ಲದ ಇಬ್ಬರಿಗೆ ಓದಲು ಕೊಟ್ಟರು. ಓದುವಾಗ ಎದುರಿಗೆ ಇರಬಾರದು, ಓದಿದ ಮೇಲೆ ವಿವರಣೆ ಕೊಡಬಾರದು, ಎಲ್ಲಿ ಓದು ನಿಂತಿತು ಎಂದಷ್ಟೇ ಕೇಳಬೇಕು ಎಂಬುದು ನಮ್ಮ ಒಪ್ಪಂದ. ಒಬ್ಬರು ದ್ವಿತೀಯಾರ್ಧದಲ್ಲಿ ಯಾರಿಗೆ ಏನು ಬೇಕೆಂದು ತಿಳಿಯಲಿಲ್ಲ ಎಂದರು. ಆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಯಾರಿಗೂ ಫೋನ್ ಮಾಡದೆ ದ್ವಿತೀಯಾರ್ಧ ತೆರೆದರು. ಅದೇ ಹೊತ್ತಿನ ಜಿಎಡಿ-7 ಅಂಕ 10ಕ್ಕಿಂತ ಕೆಳಗಿತ್ತು, ಆದರೆ ನನಗೆ ಆ ಬೆಳಗಿನ ವರ್ತನೆಯೇ ಹೆಚ್ಚು ನಂಬಿಕೆ ಕೊಟ್ಟಿತು.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ನಿರ್ಮಾಪಕರ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಕಥೆ ಹೇಳುವುದರ ಮೇಲಿದ್ದ ನಿಷೇಧವನ್ನು ತೆಗೆದಿದ್ದೇವೆ, ಏಕೆಂದರೆ ಸಿನಿಮಾದಲ್ಲಿ ಬಹಳ ಜನ ಓದಿ ಅಲ್ಲ, ಕೇಳಿಯೇ ಒಪ್ಪುತ್ತಾರೆ. ಅಲ್ಲಿ ಆಕೆಯ ದನಿ, ಕಣ್ಣು, ಕೈ ಎಲ್ಲವೂ ಆಸ್ತಿ. ಆದರೆ ಯಾರಿಗೆ ಹೇಳಲು ಹೋದರೂ ಬೈಂಡ್ ಮಾಡಿದ ಚಿತ್ರಕಥೆ ಜೊತೆಗಿರಬೇಕು, ಹೇಳಿ ಮುಗಿಸಿದ ಮೇಲೆ ಅದನ್ನು ಮೇಜಿನ ಮೇಲಿಟ್ಟು ‘ಓದಿ, ಆಮೇಲೆ ಮಾತಾಡೋಣ’ ಎಂದು ಎದ್ದು ಬರಬೇಕು. ಹೊಗಳಿಕೆ ಕೇಳಲು ಇನ್ನೂ ಹತ್ತು ನಿಮಿಷ ಕೂತುಬಿಡುತ್ತೇನೆ ಎಂದು ಕಳೆದ ಬಾರಿ ಹೇಳಿದರು. ಮುಂದಿನ ಭೇಟಿಗೆ ಆ ಹತ್ತು ನಿಮಿಷವೇ ವಿಷಯ.